ಸೊನ್ನೆಯನ್ನು ಬರೆಯುವ ಮುನ್ನ

ಆರೋಗ್ಯ ಇಲಾಖೆ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಆಸ್ಪತ್ರೆ. ಆಸ್ಪತ್ರೆ ಎಂದೊಡನೆ ವೈದ್ಯರು, ದಾದಿಯರು, ಸೂಜಿ, ಗುಳಿಗೆ. ಮನೆಯ ಮಗನೋ ಮಗಳೋ ಆ ಇಲಾಖೆಗೆ ಸೇರುವೆನೆಂದರೆ ‘ಡಾಕ್ಟರಾಗಿಯೋ, ನರ್ಸ್ ಆಗಿಯೋ’ ಎಂದು ಹಿರಿಯರು ಕೇಳುತ್ತಾರೆ. ಎರಡೂ ಅಲ್ಲವೆಂಬ ಉತ್ತರ ಬಂದರೆ ಅವರ ಮುಖ ಬಾಡುತ್ತದೆ. ಈಚೆಗೆ ನಮ್ಮೊಡನೆ ಮಾತನಾಡಿದ ಗೃಹಸ್ಥರೊಬ್ಬರ ಅಳಲು ಇದೇ ಆಗಿತ್ತು. ಅವರ ಮಗಳು ಸಮಾಜಕಾರ್ಯ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಳೆ. ಕ್ಷೇತ್ರಕಾರ್ಯಕ್ಕೆಂದು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ತಾನಾಗಿಯೇ ಆರಿಸಿಕೊಂಡಳಂತೆ. ಒಂದು ತಿಂಗಳು ಬಿಸಿಲಿನಲ್ಲಿ ಓಣಿ ಓಣಿ ತಿರುಗಿ, ಜನರ ನೀರಿನ ತೊಟ್ಟಿಗಳಲ್ಲಿ ಸೊಳ್ಳೆಯ ಮರಿಗಳನ್ನು ಹುಡುಕಿ ಬಂದಳಂತೆ. ‘ಇದಕ್ಕೆ ಇಷ್ಟೆಲ್ಲ ಓದಬೇಕಾಗಿತ್ತೇ?’ ಎಂದು ತಂದೆ ನಮ್ಮನ್ನು ಕೇಳಿದರು.

ಪ್ರಶ್ನೆ ಪ್ರಾಮಾಣಿಕವಾದುದು. ಎರಡು ಮಾತಿನಲ್ಲಿ ಉತ್ತರಿಸಿ ಕಳುಹಿಸಿದರೆ ಆ ತಂದೆಗೂ ಆ ಕೆಲಸಕ್ಕೂ ನ್ಯಾಯ ಸಲ್ಲದೆಂದು ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಆಸ್ಪತ್ರೆ ರೋಗಿಯನ್ನು ನೋಡುತ್ತದೆ. ಸಾರ್ವಜನಿಕ ಆರೋಗ್ಯದ ಶಾಖೆ ಊರನ್ನು ನೋಡುತ್ತದೆ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿ ಸಲ್ಲಿಸಿದ ವರದಿಯಿಂದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಮೂಡಿತೆಂಬುದು ವಿದಿತವೇ ಆಗಿದೆ. ಅದಕ್ಕೂ ಹಿಂದೆಯೇ, 1929ರಲ್ಲಿ, ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಇಲಾಖೆಯನ್ನು ತೆರೆದಿತ್ತು. ಇಂದಿನ ಲೆಕ್ಕದಲ್ಲಿ ಬಯಲುಸೀಮೆಯ 5000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು ಪ್ರದೇಶಗಳಲ್ಲಿ ಕ್ರಮವಾಗಿ 3000 ಮತ್ತು 20,000. ಅವುಗಳ ಮೇಲೆ ತಾಲ್ಲೂಕು, ಅದರ ಮೇಲೆ ಜಿಲ್ಲೆ. ಕ್ಷಯ, ಮಲೇರಿಯಾ, ತಾಯಿ–ಮಕ್ಕಳ ಆರೋಗ್ಯ, ರೋಗಗಳ ಕಣ್ಗಾವಲು ಎಂದು ಜಿಲ್ಲೆಯಲ್ಲಿ ಒಂದೊಂದಕ್ಕೆ ಒಬ್ಬೊಬ್ಬ ಅಧಿಕಾರಿ. ಈ ಮೆಟ್ಟಿಲುಗಳಲ್ಲಿ ವೈದ್ಯರು ಕೆಲವರೇ. ಉಳಿದವರು ನೀರು ಪರೀಕ್ಷಿಸುವವರು, ಲಸಿಕೆಯ ಪೆಟ್ಟಿಗೆ ಹೊರುವವರು, ಲೆಕ್ಕ ಬರೆಯುವವರು, ಮನೆ ಮನೆಗೆ ನಡೆಯುವವರು.

ಇವರ ಕೆಲಸದ ಒಂದೆರಡು ತುಣುಕುಗಳನ್ನು ನೋಡಬಹುದು. ಊರ ಮೇಲ್ತೊಟ್ಟಿಯ ನೀರಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿ ಬೆರೆಸಬೇಕು. ಪುಡಿ ಒಳ್ಳೆಯದಾಗಿರಬೇಕು, ಚೀಲದ ಬಾಯಿ ತೆರೆದಿಟ್ಟರೆ ಅದರ ಸತ್ವ ಹಾರಿಹೋಗುತ್ತದೆ, ನೋಡಲು ಮಾತ್ರ ಹಾಗೆಯೇ ಬೆಳ್ಳಗಿರುತ್ತದೆ. ಒಂದು ಗಂಟೆ ಕಳೆದ ಮೇಲೆ ನೀರಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಬೇಕು. ಇನ್ನು ಡೆಂಗ್ಯೂ ಹರಡುವ ಸೊಳ್ಳೆ. ಅದು ಕೊಚ್ಚೆಯಲ್ಲಿ ಹುಟ್ಟುವುದಿಲ್ಲ. ನಮ್ಮ ಸ್ವಚ್ಛವಾದ ಸಂಪು, ಹೂವಿನ ಕುಂಡದ ತಟ್ಟೆ, ಹಿತ್ತಿಲಿನ ಒಡೆದ ತೆಂಗಿನ ಚಿಪ್ಪುಗಳಲ್ಲಿ ಹುಟ್ಟುತ್ತದೆ. ಅದರ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲುದು. ನೀರು ಮುಟ್ಟಿದ ಮೇಲೆ ಒಂದು ವಾರ, ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ, ಉಜ್ಜಿ ಒಣಗಿಸಿರೆಂದು ಹೇಳುವುದರ ಗುಟ್ಟು ಇಷ್ಟೇ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು. ಆ ತಂದೆಯ ಮಗಳು ಬಿಸಿಲಿನಲ್ಲಿ ಎಣಿಸಿದ್ದು ಇದನ್ನೇ: ನೂರು ಮನೆಗಳಲ್ಲಿ ಎಷ್ಟು ಪಾತ್ರೆಗಳಲ್ಲಿ ಮರಿಗಳಿವೆ ಎಂಬುದನ್ನು. ಆ ಸಂಖ್ಯೆ ಏರಿದರೆ ಮುಂದೆ ಜ್ವರ ಏರುವ ಭಯವಿದೆಯೆಂದು ಜಿಲ್ಲೆಗೆ ಮೊದಲೇ ತಿಳಿಯುತ್ತದೆ.

ಆದರೆ ಈ ಎಲ್ಲ ದುಡಿಮೆಯ ಫಲ ಯಾವುದು? ಜ್ವರ ಬರಲಿಲ್ಲ ಎಂಬುದು. ವಾಂತಿಭೇದಿ ಹಬ್ಬಲಿಲ್ಲ, ಮಗು ಕುಂಟಲಿಲ್ಲ, ಬಾಣಂತಿ ಸಾಯಲಿಲ್ಲ ಎಂಬುದು. ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದ ವೈದ್ಯನ ಕಾಲಿಗೆ ಮನೆಯವರೆಲ್ಲ ಬೀಳುತ್ತಾರೆ. ಬಾರದೆ ಹೋದ ಕಾಯಿಲೆಗಾಗಿ ಯಾರ ಕಾಲಿಗೆ ಬೀಳುವುದು? ಹೀಗಾಗಿ ಈ ಕಾಯಕಕ್ಕೆ ಕೃತಜ್ಞತೆ ಸಿಕ್ಕುವುದು ಅಪರೂಪ. ಅದಕ್ಕಿಂತಲೂ ದೊಡ್ಡ ತೊಡಕೊಂದಿದೆ. ಇಲ್ಲ ಎಂಬುದನ್ನು ಸುಳ್ಳಾಗಿ ಬರೆಯುವುದು ಬಹಳ ಸುಲಭ.

ಸಮಗ್ರ ರೋಗ ಕಣ್ಗಾವಲು ಯೋಜನೆ ಎಂಬುದು ನಮ್ಮ ದೇಶದಲ್ಲಿ 2004ರಲ್ಲಿ ಮೊದಲಾಯಿತು. ಉಪಕೇಂದ್ರದ ಸಹಾಯಕಿ ವಾರಕ್ಕೊಮ್ಮೆ ಒಂದು ನಮೂನೆಯನ್ನು ತುಂಬಬೇಕಾಗಿತ್ತು. ತನ್ನ ಹಳ್ಳಿಗಳಲ್ಲಿ ಜ್ವರ ಎಷ್ಟು ಜನಕ್ಕೆ, ಕೆಮ್ಮು ಎಷ್ಟು ಜನಕ್ಕೆ, ಭೇದಿ, ಕಾಮಾಲೆ ಎಷ್ಟು ಎಂದು. 2018ರಲ್ಲಿ ಇದನ್ನು ಗಣಕಕ್ಕೆ ಏರಿಸುವ ಪ್ರಯೋಗಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರಿಂದ ದೇಶವೆಲ್ಲ ಆ ಕ್ರಮಕ್ಕೆ ಬಂದಿದೆ. ಕಾಗದವಿರಲಿ ಗಣಕವಿರಲಿ, ನಿಯಮ ಒಂದೇ. ಯಾರಿಗೂ ಏನೂ ಇಲ್ಲದಿದ್ದರೆ ಜಾಗವನ್ನು ಖಾಲಿ ಬಿಡುವಂತಿಲ್ಲ, ಸೊನ್ನೆಯೆಂದು ಬರೆಯಬೇಕು. ಖಾಲಿ ಜಾಗವೆಂದರೆ ‘ನಾನು ನೋಡಲಿಲ್ಲ’ ಎಂದರ್ಥ; ಸೊನ್ನೆಯೆಂದರೆ ‘ನೋಡಿದೆ, ಇಲ್ಲ’ ಎಂದರ್ಥ.

ಇಲ್ಲಿ ನಮಗೆ ಎಳೆಯ ವಯಸ್ಸಿನಲ್ಲಿ ಗುರುಗಳ ಬಳಿ ಓದಿದ ತರ್ಕದ ಪಾಠ ನೆನಪಾಗುತ್ತದೆ. ಮೀಮಾಂಸಕರಲ್ಲಿ ಭಾಟ್ಟರು, ವೇದಾಂತಿಗಳಲ್ಲಿ ಅದ್ವೈತಿಗಳು ‘ಅನುಪಲಬ್ಧಿ’ ಎಂಬುದನ್ನು ಒಂದು ಪ್ರಮಾಣವಾಗಿ ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ತಿಳಿಯುವುದು ಈ ಪ್ರಮಾಣದಿಂದ. ಆದರೆ ಒಂದು ಕಟ್ಟಳೆಯುಂಟು: ಇದ್ದಿದ್ದರೆ ಕಾಣುತ್ತಿತ್ತು ಎನ್ನುವ ಯೋಗ್ಯತೆ ಆ ನೋಟಕ್ಕೆ ಇರಬೇಕು. ಕತ್ತಲ ಕೋಣೆಯಲ್ಲಿ ನಿಂತು ‘ಗಡಿಗೆ ಕಾಣಲಿಲ್ಲ, ಆದುದರಿಂದ ಇಲ್ಲ’ ಎಂದರೆ ಅದು ಪ್ರಮಾಣವಾಗದು. ಮೊದಲು ದೀಪ ಹಚ್ಚಬೇಕು. ಪಾಠ ಹೇಳಿದ ಹಿರಿಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಗೊಡವೆ ಇರಲಿಲ್ಲ. ಆದರೂ ಆರೋಗ್ಯ ಇಲಾಖೆಯ ಸೊನ್ನೆಗೆ ಇದಕ್ಕಿಂತ ಸರಿಯಾದ ವ್ಯಾಖ್ಯಾನವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಈ ದೀಪ ಹಚ್ಚುವ ಕೆಲಸ ನಮ್ಮ ದೇಶದಲ್ಲಿ ಅತ್ಯಂತ ಶ್ರದ್ಧೆಯಿಂದ ನಡೆದದ್ದು ಪೋಲಿಯೋ ವಿಷಯದಲ್ಲಿ. 1995ರ ಡಿಸೆಂಬರ್ 9 ಮತ್ತು 1996ರ ಜನವರಿ 20ರಂದು ದೇಶದಾದ್ಯಂತ ಮೊದಲ ಪಲ್ಸ್ ಪೋಲಿಯೋ ನಡೆಯಿತು. ಶಾಲೆಗಳು, ಛತ್ರಗಳು, ಮಠಗಳ ಪಡಸಾಲೆಗಳು ಲಸಿಕೆಯ ಕೇಂದ್ರಗಳಾದವು. ಉಪಾಧ್ಯಾಯರು, ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು, ಅಕ್ಕನ ಬಳಗದ ತಾಯಂದಿರು ಸ್ವಯಂಸೇವಕರಾಗಿ ಕುಳಿತರು. ಮಗುವಿನ ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಮಸಿ. ಲಸಿಕೆ ತಂಪು ಕಳೆದುಕೊಂಡರೆ ಕೆಡುತ್ತದಾದ್ದರಿಂದ ಮಂಜುಗಡ್ಡೆಯ ಪೆಟ್ಟಿಗೆಯನ್ನು ಹಸುಗೂಸಿನಂತೆ ಕಾಪಾಡಬೇಕಾಗಿತ್ತು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಚೌಕ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆ ಹೋಯಿತೆಂದು ತಿಳಿಯುವ ಉಪಾಯವೂ ಬಂತು. ಅಕ್ಷರ ಬಾರದ ಅಜ್ಜಿಯೂ ಕಲಿಯಬಹುದಾದ ಪರೀಕ್ಷೆ!

ಕೇಂದ್ರಕ್ಕೆ ಬಾರದ ಮಕ್ಕಳು ಉಳಿದೇ ಉಳಿಯುತ್ತಾರೆಂದು ಮುಂದಿನ ವರ್ಷಗಳಲ್ಲಿ ಮನೆ ಮನೆಯ ಭೇಟಿ ಸೇರಿಕೊಂಡಿತು. ಇಬ್ಬರು ಕಾರ್ಯಕರ್ತರು, ಒಂದು ಪೆಟ್ಟಿಗೆ, ಒಂದು ಸೀಮೆಸುಣ್ಣ. ಮನೆಯ ಮಕ್ಕಳೆಲ್ಲರಿಗೂ ಹನಿ ಬಿದ್ದಿದ್ದರೆ ಬಾಗಿಲ ಬಳಿ ‘ಪಿ’ ಎಂಬ ಅಕ್ಷರ. ಮನೆಗೆ ಬೀಗವಿದ್ದರೆ, ಮಗು ಹೊರಗೆ ಹೋಗಿದ್ದರೆ, ಮನೆಯವರು ಒಲ್ಲೆವೆಂದರೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತಿರುತ್ತದೆ. ಬೀಗ ಹಾಕಿದ ಮನೆಯ ಮುಂದೆ ‘ಪಿ’ ಎಂದು ಗೀಚಿಬಿಟ್ಟರೆ ಕೇಳುವವರಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದ ಹದಿನೆಂಟರ ಸ್ವಯಂಸೇವಕನೊಬ್ಬ ಆ ಕ್ಷಣದಲ್ಲಿ ಏನನ್ನು ಬರೆಯುತ್ತಾನೆ ಎಂಬುದರ ಮೇಲೆ ದೇಶದ ಲೆಕ್ಕ ನಿಂತಿತ್ತೆಂದರೆ ಉತ್ಪ್ರೇಕ್ಷೆಯಲ್ಲ. ವರದಿಯಲ್ಲಿ ಎಕ್ಸ್ ಹೆಚ್ಚಾದ ತಂಡವನ್ನು ಸೋಮಾರಿಗಳೆಂದು ಗದರುವ ಮೇಲಧಿಕಾರಿಯೂ ಉಂಟು, ನಿಜ ಹೇಳಿದಿರೆಂದು ಬೆನ್ನು ತಟ್ಟುವವರೂ ಉಂಟು. ಮೊದಲನೆಯವರ ಕೈಕೆಳಗೆ ಊರೆಲ್ಲ ‘ಪಿ’ ಆಗುತ್ತದೆ, ರೋಗ ಮಾತ್ರ ಹೋಗುವುದಿಲ್ಲ.

2009ರಲ್ಲಿ ದೇಶದಲ್ಲಿ 741 ಪೋಲಿಯೋ ಪ್ರಕರಣಗಳಿದ್ದವು. 2010ರಲ್ಲಿ 42. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿಗೆ ಬಂದದ್ದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಮೂರು ವರ್ಷದ ಸೊನ್ನೆಯನ್ನು ಜಗತ್ತು ಏಕೆ ನಂಬಿತು? ಪೋಲಿಯೋ ಇಲ್ಲದ ಊರಿನಲ್ಲಿಯೂ ಬೇರೆ ಕಾರಣಗಳಿಂದ ಕೆಲವು ಮಕ್ಕಳ ಕೈಕಾಲು ಇದ್ದಕ್ಕಿದ್ದಂತೆ ಸೋಲುತ್ತದೆ. 15 ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕನಿಷ್ಠ ಇಬ್ಬರಾದರೂ ಇಂಥವರು ಸಿಗಬೇಕೆಂದು ನಮ್ಮ ದೇಶದ ಕಣ್ಗಾವಲಿನಲ್ಲಿ ಗುರಿ ಇಟ್ಟರು. ಸಿಕ್ಕ ಪ್ರತಿ ಮಗುವಿನ ಮಲದ ಎರಡು ಮಾದರಿಗಳನ್ನು, ನಡುವೆ ಒಂದು ದಿನವಾದರೂ ಬಿಟ್ಟು, ಕಾಲು ಸೋತ 14 ದಿನಗಳೊಳಗೆ ತೆಗೆದು, ಮಂಜಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರು. ಯಾವ ಜಿಲ್ಲೆಯಿಂದ ಇಂಥ ಮಗು ಒಂದೂ ವರದಿಯಾಗಲಿಲ್ಲವೋ ಆ ಜಿಲ್ಲೆಯನ್ನು ‘ಆರೋಗ್ಯವಂತ’ ಎಂದು ಹೊಗಳಲಿಲ್ಲ. ಅಲ್ಲಿ ಕಣ್ಣು ಕಾಣುತ್ತಿಲ್ಲವೆಂದು ವಿಚಾರಣೆಗೆ ಹೋದರು. ಕತ್ತಲ ಕೋಣೆಯ ಸೊನ್ನೆಯನ್ನು ಒಪ್ಪಲಿಲ್ಲವೆಂದೇ ಹೇಳಬೇಕು.

ನಮ್ಮ ನಾಡಿನ ಮಲೆನಾಡಿನಲ್ಲಿ ಇದೇ ಪಾಠ ಬೇರೆ ರೂಪದಲ್ಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ ಬಂತು. ಉಣ್ಣೆಯಿಂದ ಹರಡುವ ಆ ಹೊಸ ವೈರಾಣುವಿಗೆ ಆ ಕಾಡಿನ ಹೆಸರೇ ಬಂದು, ಜಗತ್ತಿನ ವೈದ್ಯಗ್ರಂಥಗಳಲ್ಲಿ ನಿಂತಿದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮತ್ತೆ ಕಾಣಿಸಿ, ಮರುವರ್ಷ ಸಾವುನೋವಿಗೆ ಕಾರಣವಾದದ್ದನ್ನು ಓದುಗರು ಮರೆತಿರಲಾರರು. ಕಾಡಿನ ದರಗು ತಂದು ಕೊಟ್ಟಿಗೆಗೆ ಹಾಸುವ ಮನೆಗಳಿಗೆ ಉಣ್ಣೆ ತಾನಾಗಿಯೇ ಬರುತ್ತದೆ. ಚಳಿಗಾಲ ಮೊದಲಾಗುತ್ತಿದ್ದಂತೆ ಆಶಾ ಕಾರ್ಯಕರ್ತೆಯರು ಮೈಗೆ ಹಚ್ಚುವ ಎಣ್ಣೆಯ ಸೀಸೆಗಳನ್ನು ಹಿಡಿದು ಮನೆ ಮನೆಗೆ ಹೋಗುತ್ತಾರೆ. ಆದರೆ ಅಲ್ಲಿಯ ಮೊದಲ ಕಣ್ಗಾವಲುಗಾರನಿಗೆ ಸಂಬಳವಿಲ್ಲ. ಸತ್ತ ಮಂಗವನ್ನು ಕಂಡ ಹಳ್ಳಿಗನೇ ಅವನು. ಅವನು ಸುದ್ದಿ ಕೊಟ್ಟರೆ ಇಲಾಖೆಯವರು ಬಂದು ಹೆಣವನ್ನು ಪರೀಕ್ಷಿಸಿ, ಸುಟ್ಟು, ಸುತ್ತಲ ನೆಲಕ್ಕೆ ಔಷಧ ಹೊಡೆದು, ಹತ್ತಿರದ ಮನೆಗಳನ್ನು ಎಚ್ಚರಿಸುತ್ತಾರೆ. ‘ನಮಗೇಕೆ ಇಲ್ಲದ ಉಪದ್ರವ’ ಎಂದು ಅವನು ಕೊಡಲಿ ಹೆಗಲಿಗೇರಿಸಿ ಮನೆಗೆ ನಡೆದರೆ ವರದಿಯಲ್ಲಿ ಸೊನ್ನೆಯೇ ಉಳಿಯುತ್ತದೆ.

ಇನ್ನು ತರಬೇತಿಗೆ ಹೋಗುವ ಮಕ್ಕಳ ವಿಷಯ. ವೈದ್ಯಕೀಯ ಪದವಿ ಮುಗಿಸಿದವರು 2021ರ ನಿಯಮದಂತೆ ತಮ್ಮ ಇಂಟರ್ನ್‌ಷಿಪ್‌ನ 12 ವಾರಗಳನ್ನು ಸಮುದಾಯ ವೈದ್ಯಶಾಸ್ತ್ರದಲ್ಲಿ ಕಳೆಯಬೇಕು. ಹಲವರಿಗೆ ಇದು ಮುಂದಿನ ಪ್ರವೇಶಪರೀಕ್ಷೆಗೆ ಓದಿಕೊಳ್ಳಲು ಸಿಕ್ಕ ರಜೆ. ಸಮಾಜಕಾರ್ಯ, ಸಂಖ್ಯಾಶಾಸ್ತ್ರ, ಗೃಹವಿಜ್ಞಾನ ಓದುವವರೂ ಬರುತ್ತಾರೆ; ಅವರನ್ನು ಕಚೇರಿಗಳು ಬೆರಳಚ್ಚಿಗೆ ಕೂರಿಸುವುದುಂಟು. ತಿಂಗಳ ಕೊನೆಗೆ ಒಂದು ಪ್ರಮಾಣಪತ್ರ, ಒಂದು ಗುಂಪುಚಿತ್ರ. ಇದು ಎರಡು ಕಡೆಯವರ ಕಾಲವನ್ನೂ ಹಾಳುಮಾಡುವ ಪದ್ಧತಿ ಎಂಬುದೇ ನಮ್ಮ ಅಭಿಪ್ರಾಯ. ಹೋಗುವ ಮಕ್ಕಳಿಗೆ ನಾವು ಹೇಳುವುದಿಷ್ಟು: ಗಣಕದ ಮುಂದೆ ಕೂರುವ ಮೊದಲು ಒಂದು ವಾರ ಉಪಕೇಂದ್ರದ ಸಹಾಯಕಿಯ ಹಿಂದೆ ನಡೆಯಲು ಅನುಮತಿ ಬೇಡಿ. (ಆಕೆಯನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ, ಹೆಸರು ಹಿರಿದಾಯಿತು, ಹೊಣೆಯ ಹೊರೆ ಇಳಿಯಲಿಲ್ಲ.) ಒಂದೇ ಒಂದು ಓಣಿಯನ್ನು ನೀವೇ ಎಣಿಸಿ. ಗರ್ಭಿಣಿಯರೆಷ್ಟು, ಲಸಿಕೆ ತಪ್ಪಿದ ಮಕ್ಕಳೆಷ್ಟು, ಎರಡು ವಾರ ಮೀರಿ ಕೆಮ್ಮುತ್ತಿರುವವರೆಷ್ಟು. ಬಳಿಕ ವಹಿಯೊಡನೆ ಹೋಲಿಸಿ. ಎರಡು ಸಂಖ್ಯೆಗಳ ನಡುವಣ ಅಂತರವೇ ನಿಮ್ಮ ತರಬೇತಿ. ಅದು ಯಾವ ಪಠ್ಯದಲ್ಲಿಯೂ ಇಲ್ಲ. ಅಂತರ ಕಂಡಾಗ ಸಹಾಯಕಿಯನ್ನು ಕಳ್ಳಿಯೆಂದು ತಿಳಿಯುವ ಆತುರವೂ ಬೇಡ. ಕೂಲಿಗೆ ವಲಸೆ ಹೋದ ಮನೆ, ಹೆರಿಗೆಗೆ ತವರಿಗೆ ಹೋದ ಮಗಳು, ನಿನ್ನೆ ಬಂದಿಳಿದ ಕಬ್ಬು ಕಡಿಯುವವರ ಗುಡಿಸಲು, ಇವೆಲ್ಲ ವಹಿಗೆ ಸಿಕ್ಕುವುದು ಸುಲಭವಲ್ಲ.

ಸ್ವಯಂಸೇವೆ ಎಂಬ ಪದದ ಬಗೆಗೂ ಒಂದು ಮಾತು ಹೇಳದಿರಲಾರೆವು. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಕ್ಕೊಬ್ಬಳಂತೆ ಆಶಾ ಕಾರ್ಯಕರ್ತೆಯರನ್ನು ಆರಿಸಿದರು. ಕರ್ನಾಟಕದಲ್ಲಿ ಅವರ ಸಂಖ್ಯೆ ಸುಮಾರು 42,000. ಅವರು ನೌಕರರಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿಯರು ಎಂಬುದು ಕಾಗದದ ಮಾತು. ನಡುರಾತ್ರಿ ಹೆರಿಗೆ ನೋವೆಂದರೆ ಗಾಡಿ ಹತ್ತುವವಳು, ಕೊರೊನಾ ಕಾಲದಲ್ಲಿ ಬೈಗುಳ ತಿಂದು ಮನೆ ಮನೆ ಎಣಿಸಿದವಳು ಅವಳೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರ ಸೇವೆಗೆ ಜಾಗತಿಕ ಪುರಸ್ಕಾರವನ್ನಿತ್ತಿತು. 2025ರ ಜನವರಿಯಲ್ಲಿ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತು ನಿಶ್ಚಿತ ಮಾಸಿಕ ಗೌರವಧನಕ್ಕಾಗಿ ಕೂಗಬೇಕಾಯಿತು. ಮಾಡಿದ ಕೆಲಸ ಗಣಕದಲ್ಲಿ ದಾಖಲಾಗದೆ ತಮ್ಮ ಹಣ ಕೈತಪ್ಪುತ್ತದೆ ಎಂಬುದೂ ಅವರ ದೂರಾಗಿತ್ತು. ಇತರರ ಲೆಕ್ಕವನ್ನು ನಿಜವಾಗಿ ಬರೆಯಬೇಕಾದವಳ ಲೆಕ್ಕವೇ ತಪ್ಪಿದರೆ ಅವಳ ಲೇಖನಿಯಲ್ಲಿ ಎಷ್ಟು ದಿನ ಶ್ರದ್ಧೆ ಉಳಿದೀತು? ಉಳ್ಳವರು ಬಿಡುವಿನಲ್ಲಿ ಮಾಡುವ ಸೇವೆಗೆ ಸ್ವಯಂಸೇವೆ ಎಂಬ ಹೆಸರು ಒಪ್ಪುತ್ತದೆ. ಬಡ ಹೆಣ್ಣುಮಗಳ ದಿನದ ದುಡಿಮೆಗೆ ಆ ಹೆಸರಿಟ್ಟು ಕೂಲಿ ಉಳಿಸುವುದು ಒಪ್ಪತಕ್ಕದ್ದಲ್ಲ.

ಬಿಡುವುಳ್ಳ ನಮ್ಮ ಮನೆಗಳವರು ಮಾಡಬಹುದಾದುದು ಬಹಳವಿದೆ. ನಿವೃತ್ತರಾದ ಉಪಾಧ್ಯಾಯರು ಲಸಿಕೆಯ ದಿನ ಉಪಕೇಂದ್ರದಲ್ಲಿ ಕುಳಿತು ಪಟ್ಟಿ ಬರೆದುಕೊಟ್ಟರೆ ಸಹಾಯಕಿಗೆ ಎರಡು ಕೈ ಹೆಚ್ಚಿದಂತೆ. ಕ್ಷಯರೋಗಿಗಳಿಗೆ ತಿಂಗಳ ಆಹಾರದ ಬುಟ್ಟಿ ಕೊಡುವ ‘ನಿಕ್ಷಯ ಮಿತ್ರ’ ಎಂಬ ಏರ್ಪಾಡು 2022ರ ಸೆಪ್ಟೆಂಬರ್‌ನಿಂದ ಇದೆ. ಒಂದು ಮನೆ ಒಬ್ಬ ರೋಗಿಯ ಹೊಣೆ ಹೊರಬಹುದು. ಸರ್ಕಾರ ರೋಗಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000ಕ್ಕೆ ಏರಿಸಿದೆಯಾದರೂ ಮೊಟ್ಟೆ, ಬೇಳೆ, ಶೇಂಗಾಗಳ ಬೆಲೆಯನ್ನು ಗೃಹಿಣಿಯರು ಬಲ್ಲರು. ಆರು ತಿಂಗಳ ಗುಳಿಗೆಯನ್ನು ನಡುವೆ ಬಿಡದಂತೆ ನೋಡಿಕೊಳ್ಳುವುದು ಬುಟ್ಟಿಗಿಂತಲೂ ದೊಡ್ಡ ಉಪಕಾರ. ನಡುವೆ ಬಿಟ್ಟವನಲ್ಲಿ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯುತ್ತದೆ. ಆದರೆ ಹೋಗುವವರು ಬಾಯಿಗೆ ಬೀಗವಿಕ್ಕಿಕೊಂಡು ಹೋಗಬೇಕು. ಯಾರ ಮನೆಯಲ್ಲಿ ಯಾವ ರೋಗವೆಂಬುದು ಬುಟ್ಟಿ ಕೊಟ್ಟವರ ಬಾಯಿಂದ ಹೊರಬಿದ್ದರೆ ಮರುದಿನದಿಂದ ಆ ಓಣಿಯ ಕೆಮ್ಮುಗಳೆಲ್ಲ ಅಡಗಿಬಿಡುತ್ತವೆ.

ಅಡಗಿಸುವ ವಿದ್ಯೆಯಲ್ಲಿ ನಮ್ಮ ಮರ್ಯಾದಸ್ಥ ಮನೆಗಳು ಯಾರಿಗೂ ಕಡಿಮೆಯಿಲ್ಲ. ಮಗಳಿಗೆ ಕ್ಷಯವೆಂದು ತಿಳಿದರೆ ನೆಂಟಸ್ತಿಕೆ ತಪ್ಪೀತೆಂದು ದೂರದ ಊರಿನಲ್ಲಿ ಬೇರೆ ಹೆಸರಿನಿಂದ ಔಷಧ ಕೊಡಿಸುವವರನ್ನು ನಾವು ಬಲ್ಲೆವು. ಚಿಕಿತ್ಸೆ ಸರಿಯಾಗಿ ಮೊದಲಾದ ಕೆಲವೇ ವಾರಗಳಲ್ಲಿ ಸೋಂಕು ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ, ಆರು ತಿಂಗಳಲ್ಲಿ ಹುಡುಗಿ ಗುಣವಾಗುತ್ತಾಳೆ. ಗುಟ್ಟು ಕಾಯಲು ಹೋಗಿ ಗುಳಿಗೆ ತಪ್ಪಿದಾಗಲೇ ಅವಳ ಬದುಕಿಗೆ ಅಪಾಯ. ಹದಿನೇಳರ ಸೊಸೆಗೆ ತಾಯಿ ಕಾರ್ಡಿನಲ್ಲಿ ಹತ್ತೊಂಬತ್ತೆಂದು ಬರೆಸುವ ಅತ್ತೆಯರೂ ಇದ್ದಾರೆ. ವಯಸ್ಸು ಮುಚ್ಚಿಟ್ಟರೆ ಆ ಎಳೆಯ ಮೈಯ ಹೆರಿಗೆಗೆ ಬೇಕಾದ ಎಚ್ಚರಿಕೆಯೂ ಮುಚ್ಚಿಹೋಗುತ್ತದೆ. ಇಲಾಖೆಯ ವಹಿಯಲ್ಲಿ ಸುಳ್ಳು ಸೊನ್ನೆ ಬೀಳುವುದು ಕಚೇರಿಯ ಮೇಜಿನ ಮೇಲೆ ಮಾತ್ರವೆಂದು ನಾವು ತಿಳಿಯಬಾರದು. ಎಷ್ಟೋ ವೇಳೆ ಅದು ನಮ್ಮ ಪಡಸಾಲೆಯಲ್ಲಿ ಬಿದ್ದು ಕಚೇರಿಗೆ ನಡೆದುಹೋಗುತ್ತದೆ.

ಆ ತಂದೆಗೆ ನಾವು ಕೊಟ್ಟ ಉತ್ತರವನ್ನೂ ಬರೆದುಬಿಡುತ್ತೇವೆ. ಮಗಳು ಎಣಿಸಿ ತಂದ ಸಂಖ್ಯೆಯನ್ನು ಕೇಳಿ ನೋಡಿರಿ. ನಿಮ್ಮ ಓಣಿಯ ತೊಟ್ಟಿಗಳೂ ಅದರಲ್ಲಿ ಸೇರಿವೆಯೇ ವಿಚಾರಿಸಿರಿ ಎಂದೆವು. ಅವರು ವಿಚಾರಿಸಿದರೋ ಇಲ್ಲವೋ ತಿಳಿಯದು. ಓದುಗ ಬಂಧುಗಳಲ್ಲಿ ಒಂದು ಸಣ್ಣ ವಿನಂತಿ. ಮುಂದಿನ ಬಾರಿ ವಹಿ ಹಿಡಿದ ಹೆಣ್ಣುಮಗಳು ನಿಮ್ಮ ಬಾಗಿಲಿಗೆ ಬಂದಾಗ ಹೊರಗೆ ನಿಲ್ಲಿಸದೆ ಒಂದು ಕುರ್ಚಿ, ಒಂದು ಲೋಟ ನೀರು ಕೊಡಿ. ಅವಳು ಕೇಳಿದ ವಯಸ್ಸನ್ನು ಇದ್ದಂತೆ ಹೇಳಿ. ತೊಟ್ಟಿಯ ಮುಚ್ಚಳ ತೆಗೆಯೆಂದರೆ ತೆಗೆದು ತೋರಿಸಿ. ಪೋಲಿಯೋ ದಿನಗಳಲ್ಲಿ ಮೊಮ್ಮಗು ಊರಿಗೆ ಹೋಗಿದ್ದರೆ ಹೋಗಿದೆಯೆಂದೇ ತಿಳಿಸಿ. ಅವಳು ನಿಮ್ಮ ಹೊಸ ಬಣ್ಣದ ಗೋಡೆಯ ಮೇಲೆ ಎಕ್ಸ್ ಎಂದು ಬರೆದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಆ ಗುರುತನ್ನು ನೋಡಿಕೊಂಡೇ ಅವಳು ಮತ್ತೆ ಬರುವುದು.